ಬಿಸಿಲು ಕಾಣದ ಜಾಗ

ಈ ರಾಮಾಯಣಕ್ಕೆಲ್ಲ ಕಾರಣ ಬಟಾಣಿ ಕಾಳಿನಷ್ಟಿದ್ದ ಒಂದು ಗಂಟು. ಇನ್ನಿಸ್‌ಫೇಲ್ ಎಂಬ ಊರಿನ ಬಿಸಿಲಲ್ಲಿ ಜೀವಮಾನವೆಲ್ಲ ಕಬ್ಬು ಸಾಗಿಸುವ ರೈಲು ಓಡಿಸಿದ ಕ್ಲೆಮ್ ಡೂಲನ್‌ಗೆ ಚರ್ಮದ ಕ್ಯಾನ್ಸರ್ ಬಂದದ್ದು ಮೂಗಿನ ಮೇಲಲ್ಲ, ಕತ್ತಿನ ಮೇಲಲ್ಲ, ಬಲ ಕುಂಡೆಯ ಮೇಲೆ. ಅದೂ ಬಲು ಅಪರೂಪದ ಜಾತಿಯದು. ಡಾಕ್ಟರು ಗಂಟನ್ನು ಕತ್ತರಿಸಿ ತೆಗೆದು, ಬೇರೂ ಉಳಿಯಬಾರದೆಂದು ಕೇರ್ನ್ಸ್ ನಗರದ ಆಸ್ಪತ್ರೆಯಲ್ಲಿ ವಿಕಿರಣ ಚಿಕಿತ್ಸೆಗೆ ಬರೆದುಕೊಟ್ಟಿದ್ದರು.

ಕ್ಲೆಮ್‌ಗೆ ಕ್ಯಾನ್ಸರಿನ ಭಯ ಅಷ್ಟಿರಲಿಲ್ಲ. ಭಯವಿದ್ದದ್ದು ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನದು. ಅಲ್ಲಿ ಒಮ್ಮೆ ಅಡ್ಡಹೆಸರು ಅಂಟಿದರೆ ಮಣ್ಣಿಗಿಟ್ಟ ಮೇಲೂ ಬಿಡುವುದಿಲ್ಲ. ಇದೇ ರೋಗಕ್ಕೆ ಕಿವಿಯ ತುದಿ ಕೊಟ್ಟ ನಾರ್ಮನ್ ಇವತ್ತಿಗೂ 'ಮುಕ್ಕಾಲುಕಿವಿ'. ಅದಕ್ಕೇ ಕ್ಲೆಮ್ ಊರಿಗೆಲ್ಲ 'ಭುಜದ ಮೇಲೆ' ಎಂದು ಹೇಳಿ ಅಲ್ಲೊಂದು ಬ್ಯಾಂಡೇಜನ್ನೂ ಅಂಟಿಸಿಕೊಂಡಿದ್ದ. ಗುಟ್ಟು ಭದ್ರವಾಗಿದೆ ಎಂಬ ಧೈರ್ಯ ಅವನಿಗೆ.

ಇವತ್ತು ಕೊನೆಯ ಚಿಕಿತ್ಸೆ. ಕೂರುವುದಕ್ಕೆಂದು ಇಟ್ಟುಕೊಂಡಿದ್ದ, ನಡುವೆ ತೂತಿರುವ ದಿಂಬನ್ನು ಒಗೆದು ಹಿತ್ತಲ ತಂತಿಯ ಮೇಲೆ ಹಾಕುವಷ್ಟರಲ್ಲಿ ಪಕ್ಕದ ಮನೆಯ ಐವಿ ಕಾರು ತಂದು ನಿಲ್ಲಿಸಿದಳು. ಬೇಡವೆಂದರೆ ಕೇಳುವ ಪೈಕಿಯಲ್ಲ. ಕ್ಲೆಮ್ ಹಿಂದಿನ ಸೀಟಿನಲ್ಲಿ ಎಡಮಗ್ಗುಲಿಗೆ ಮಲಗಿದ.

"ಭುಜಕ್ಕೆ ಕಾಯಿಲೆ ಬಂದೋನು ನೆಟ್ಟಗೆ ಕೂತ್ಕೋಬಾರ್ದಾ?"

"ಸೊಂಟ ಹಿಡ್ಕೊಂಡಿದೆ ಕಣೇ. ನೀನು ರಸ್ತೆ ನೋಡು."

"ಮೊದ್ಲು ಭುಜ, ಈಗ ಸೊಂಟ. ಇನ್ನೂ ಕೆಳಗಿಳಿಯುತ್ತಾ ಹೇಗೆ?"

ಕ್ಲೆಮ್ ನಿದ್ದೆ ಬಂದವನಂತೆ ಗೊರಕೆ ಹೊಡೆದ.

ಆಸ್ಪತ್ರೆಯಲ್ಲಿ ಬೋರಲು ಮಲಗಿಸಿದರು. ಯಂತ್ರ ಗುಂಯ್ ಎಂದು ಸುತ್ತಿ ನಿಂತಿತು. "ಮುಗೀತು ಕ್ಲೆಮ್, ಗೆದ್ರಿ," ಎಂದಳು ಯಂತ್ರ ನೋಡಿಕೊಳ್ಳುವ ಹುಡುಗಿ. "ಇನ್ನೊಂದೆರಡು ವಾರ ಸುಟ್ಟ ಹಾಗೆ ಉರಿಯುತ್ತೆ. ಮರದ ಕುರ್ಚಿ ಮಾತ್ರ ಮುಟ್ಟಬೇಡಿ." ಚಿಕಿತ್ಸೆ ಮುಗಿದವರು ಬಾರಿಸುವ ಗಂಟೆಯನ್ನು ಕ್ಲೆಮ್ ಬೀದಿಗೆ ಕೇಳುವಂತೆ ಬಾರಿಸಿದ. ನಿಜಕ್ಕೂ ಅವನ ಕಣ್ಣು ತುಂಬಿತ್ತು.

ಸಂಜೆ ಕ್ಲಬ್ಬಿನ ಸಭೆ. ಅಲ್ಲಿ ಕೈ ಎತ್ತುವ ಪದ್ಧತಿಯಿಲ್ಲ. ಒಪ್ಪಿಗೆ ಇದ್ದವರು ನಿಲ್ಲಬೇಕು, ಇಲ್ಲದವರು ಕೂರಬೇಕು. ಇದ್ದವೆಲ್ಲ ಮರದ ಕುರ್ಚಿಗಳೇ. ಕ್ಲೆಮ್ ಗೋಡೆಗೆ ಭುಜ ಕೊಟ್ಟು ನಿಂತ.

"ಭಾನುವಾರ ಬಾರ್ಬೆಕ್ಯೂ ಒಲೆ ಉಜ್ಜೋರು ಯಾರು?" ಎಂದ ಅಧ್ಯಕ್ಷ ಹೆಕ್ಟರ್. ಎಲ್ಲರೂ ಕೂತರು. "ಶಭಾಷ್ ಕ್ಲೆಮ್." ಕಕ್ಕಸು ತೊಳೆಯುವ ಕೆಲಸವೂ ಹಾಗೇ ಬಂತು. ಹೋಗಲಿ, ಗುಟ್ಟು ಉಳಿದರೆ ಸಾಕೆಂದು ಕ್ಲೆಮ್ ಹಲ್ಲು ಕಚ್ಚಿಕೊಂಡ.

"ಕೊನೇ ವಿಷಯ. ಚಿಕಿತ್ಸೆಗೆ ಹೋಗೋರಿಗೆ ಒಂದು ವ್ಯಾನ್ ಬೇಕು, ದುಡ್ಡು ಕೂಡಿಸೋಕೆ ನಮ್ಮದೇ ಫೋಟೋ ಹಾಕಿದ ಕ್ಯಾಲೆಂಡರ್ ಮಾರ್ತೀವಿ. ಡಿಸೆಂಬರ್ ತಿಂಗಳಿಗೆ ಆಳು ಸಿಕ್ಕಿಲ್ಲ. ಹುಲ್ಲಿನ ಮೇಲೆ, ಕ್ಯಾಮೆರಾಗೆ ಬೆನ್ನು ಹಾಕಿ, ಮೈಮೇಲೆ ಟೋಪಿ ಮಾತ್ರ."

"ಟೋಪಿ ಮಾತ್ರ ಅಂದ್ರೆ?" ಎಂದ ನಾರ್ಮನ್.

"ಟೋಪಿ ಮಾತ್ರ."

ಇಡೀ ಕ್ಲಬ್ಬು ದಡಕ್ಕನೆ ಕೂತಿತು. ಕ್ಲೆಮ್ ದೇವರ ಮೇಲೆ ಭಾರ ಹಾಕಿ ತಾನೂ ಕೂತ. ಕೂತವನು ಕಾವಲಿಯ ಮೇಲೆ ಬಿದ್ದವನಂತೆ ನೆಗೆದು ನಿಂತ.

"ಏನು ಉತ್ಸಾಹ ನೋಡ್ರಪ್ಪಾ," ಎಂದ ಹೆಕ್ಟರ್. ಚಪ್ಪಾಳೆ ಬಿತ್ತು.

ಇನ್ನು ದಾರಿಯಿರಲಿಲ್ಲ. "ಆಗಲ್ಲ ಕಣ್ರೋ," ಎಂದ ಕ್ಲೆಮ್. "ನನಗೆ ಕ್ಯಾನ್ಸರ್ ಬಂದಿದ್ದು ಭುಜಕ್ಕಲ್ಲ. ಕುಂಡೆಗೆ. ಅಲ್ಲೀಗ ಗಾಯದ ಗುರುತು ಬೇರೆ."

ಯಾರೂ ನಗಲಿಲ್ಲ.

"ಗೊತ್ತಪ್ಪಾ," ಎಂದಳು ಹಿಂದಿನ ಸಾಲಿನಲ್ಲಿ ಕೂತಿದ್ದ ಐವಿ. "ವಾರಗಟ್ಲೆಯಿಂದ ತೂತಿನ ದಿಂಬು ತಂತಿ ಮೇಲೆ ಒಣಗ್ತಾ ಇದೆ. ಅದರ ಮೇಲೆ ಏನು, ಭುಜ ಇಟ್ಕೊಂಡು ಕೂರ್ತೀಯಾ?"

"ವ್ಯಾನ್ ಬೇಕಾಗಿರೋದೇ ನಿನ್ನಂಥೋರಿಗೆ. ಹಾಗಾಗಿ ಡಿಸೆಂಬರ್ ನಿನಗೇ ಅಂತ ಮೊದ್ಲೇ ಇಟ್ಟಿದ್ವಿ," ಎಂದ ಹೆಕ್ಟರ್. "ಹೇಗಪ್ಪಾ ಕೇಳೋದು ಅಂತ ಸಂಕೋಚ ಇತ್ತು. ನೀನೇ ನಿಂತ್ಕೊಂಡೆ."

ನಾರ್ಮನ್ ಮೇಜಿನ ಕೆಳಗಿನಿಂದ ಹೊಸ ಟೋಪಿಯೊಂದನ್ನು ತೆಗೆದು ಕ್ಲೆಮ್‌ನ ತಲೆಗಿಟ್ಟ. ಅದರ ಮೇಲೆ ಕೆಂಪು ದಾರದಲ್ಲಿ ದಪ್ಪಗೆ ಕಸೂತಿ ಹಾಕಿತ್ತು: 'ಒಂದೂವರೆಕುಂಡೆ'.

"ಬಾರೋ ಒಂದೂವರೆ, ಬಿಯರ್ ಕುಡಿಯೋಣ," ಎಂದ ಮುಕ್ಕಾಲುಕಿವಿ. "ನಾನೂ ನಿನ್ ಜೊತೆ ನಿಂತ್ಕೊಂಡೇ ಕುಡೀತೀನಿ."