ಪಾರ್ಸೆಲ್ ಕಟ್ಟಿದ ಕಂಪ್ಯೂಟರ್

ನನ್ನ ಮೊಮ್ಮಗಳು ಸಾನ್ವಿ ನನ್ನನ್ನು ಕೆಲಸಕ್ಕೆ ಕರೆದಳು. ಹದಿಮೂರು ವರ್ಷದಲ್ಲಿ ಇದೇ ಮೊದಲು! ಅವಳಿಗೆ ಕನ್ನಡ ಅರ್ಧ ಬರುತ್ತದೆ, ಉಳಿದದ್ದು ಹಿಂದಿ, ಇಂಗ್ಲಿಷ್; ನನಗೆ ಹೋಟೆಲಿನ ಹಿಂದಿ ಬಿಟ್ಟರೆ ಇಂಗ್ಲಿಷ್ ಕಾಲುಭಾಗವೂ ಬರುವುದಿಲ್ಲ. ಹೀಗಾಗಿ ನಮ್ಮ ಮಾತು ಊಟ, ನಿದ್ದೆಗಳ ಆಚೆ ಹೋದದ್ದೇ ಕಡಿಮೆ. ಅಂಥವಳು ಬಂದು ‘ಅಜ್ಜ, ಹೆಲ್ಪ್ ಮಾಡ್ತೀರಾ?’ ಎಂದಾಗ ನನ್ನ ಮಂಡಿನೋವು ಓಡಿಹೋಯಿತು. ಎಲ್ಲಿಗೂ ಹೋಗಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಮುಂಬಯಿಯ ಚೆಂಬೂರಿನ ನಮ್ಮ ಹಾಲ್‌ನಲ್ಲಿ ಅವಳೊಂದು ವಿಡಿಯೋ ಗೇಮ್ ಆಡುವ ಪೆಟ್ಟಿಗೆ ಕಟ್ಟುತ್ತಿದ್ದಳು. ನನ್ನೆತ್ತರದ ಪ್ಲೈವುಡ್ ಕಪಾಟು. ಮುಂದೆ ಟಿವಿಯಂಥದ್ದು, ಅದರ ಕೆಳಗೆ ಹಿಡಿಕೆ, ಬಣ್ಣದ ಗುಂಡಿಗಳು. ಒಳಗೆ ನನ್ನ ಮಗನ ಹಳೆಯ ಕಂಪ್ಯೂಟರು. ಅದರ ತಗಡಿನ ಡಬ್ಬ ಬಿಚ್ಚಿ ಬಿಸಾಡಿ, ಬರೀ ಕರುಳನ್ನು ಉಳಿಸಿಕೊಂಡಿದ್ದಳು. ಮರುದಿನ ಅವಳ ಹುಟ್ಟುಹಬ್ಬ. ಬಿಲ್ಡಿಂಗಿನ ಮಕ್ಕಳೆಲ್ಲ ಆಡಲು ಬರುವವರಿದ್ದರು. ಇದು ಕೆಟ್ಟರೆ ಮನೆಯಲ್ಲಿ ಬೇರೆ ಕಂಪ್ಯೂಟರು ಇಲ್ಲ.

ಟ್ಯೂಷನ್‌ಗೆ ಹೊರಡುವ ಮುನ್ನ ನನ್ನ ಕೆಲಸ ವಿವರಿಸಿದಳು. ಕಪಾಟಿನೊಳಗಿನ ಹಲಗೆಗೆ ಒಂಬತ್ತು ಪುಟ್ಟ ಹಿತ್ತಾಳೆ ಕಾಲುಗಳನ್ನು ತಿರುಪಬೇಕು. ಅವುಗಳ ಮೇಲೆ ಕಂಪ್ಯೂಟರಿನ ಹಸಿರು ಬೋರ್ಡ್ ಇಟ್ಟು ಸ್ಕ್ರೂ ಬಿಗಿಯಬೇಕು. ವಯರುಗಳನ್ನು ಕೀಳಬಾರದು, ಸ್ವಿಚ್ ಒತ್ತಬಾರದು. ಬೋರ್ಡ್ ಬಿಸಿಯಾಗುತ್ತದೆ, ಅದಕ್ಕೇ ಫ್ಯಾನು ಎಂದೂ ಹೇಳಿದಳು.

ಬಿಸಿ! ಅದೊಂದು ಮಾತು ನನಗೆ ಸಾಕಾಯಿತು. ಮೂರನೇ ಕ್ಲಾಸು ಮುಗಿಸಿ ಮುಂಬಯಿಗೆ ಬಂದವನು ನಾನು. ಗ್ರಾಂಟ್ ರೋಡಿನ ಹೋಟೆಲ್ ಅಡುಗೆಮನೆಯಲ್ಲಿ ನಲವತ್ತು ವರ್ಷ ಬಿಸಿಯ ಜೊತೆಗೇ ಸಂಸಾರ ಮಾಡಿದವನು. ಬಿಸಿಯಾಗುವುದನ್ನು ಮರದ ಮೇಲೆ ಇಡುವುದುಂಟೇ? ಅದೂ ಅಲುಗಾಡುವ ಒಂಬತ್ತು ಕಾಲುಗಳ ಮೇಲೆ? ಕಾಲುಗಳನ್ನು ಜೋಪಾನವಾಗಿ ಉಪ್ಪಿನಕಾಯಿಯ ಖಾಲಿ ಬಾಟ್ಲಿಗೆ ಹಾಕಿದೆ. ವಡೆ ಆರಿಸುತ್ತಿದ್ದ ದೊಡ್ಡ ಸ್ಟೀಲ್ ಟ್ರೇ ತಂದೆ. ಬೋರ್ಡನ್ನು ಅದರಲ್ಲಿ ಚಪ್ಪಟೆಯಾಗಿ ಮಲಗಿಸಿ, ಸುತ್ತಲೂ ದಾರ ಬಿಗಿದು ಗಂಟು ಹಾಕಿದೆ. ಸಾಂಬಾರ್ ಪಾರ್ಸೆಲ್‌ಗೆ ಹಾಕುತ್ತಿದ್ದ ಗಂಟು ಅದು. ನನ್ನ ಗಂಟು ಬಿಚ್ಚಿ ಒಂದು ಹನಿ ಸಾಂಬಾರ್ ಚೆಲ್ಲಿದ ದಾಖಲೆ ಇಲ್ಲ.

ಟ್ರೇಯನ್ನು ಕಪಾಟಿನೊಳಗೆ ಕೂರಿಸಲು ಹಿಂಬಾಗಿಲಿನಿಂದ ಅರ್ಧ ಮೈ ತೂರಿಸಿದೆ. ಕೂರಿಸಿದ್ದಾಯಿತು. ಹೊರಬರಲಾಗಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ನನ್ನ ಹೆಂಡತಿ ಗಿರಿಜೆ ಬಂದು ನನ್ನ ಎರಡೂ ಕಾಲು ಹಿಡಿದು ಎಳೆದಳು.

“ಮಗು ನಿಮ್ಮನ್ನು ಬೋರ್ಡ್ ಕೂರಿಸ್ಲಿಕ್ಕೆ ಹೇಳಿದ್ದಲ್ವಾ? ನೀವೇ ಹೋಗಿ ಕೂತದ್ದೆಂತಕ್ಕೆ ಮಾರಾಯ್ರೆ?”

ಅಂತೂ ಹೊರಬಂದೆ. ಸ್ವಿಚ್ ಒತ್ತುವಷ್ಟು ಉಸಿರು ಉಳಿದಿತ್ತು. ಒತ್ತಿದೆ. ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಫ್ಯಾನಿಗೆ ನಾಚಿಕೆ ಇರಬೇಕೆಂದು ಮತ್ತೆ ಒತ್ತಿದೆ. ಅರ್ಧ ಸುತ್ತು. ಗಂಟು ಸಡಿಲವಾಗಿದೆಯೇನೋ ಎಂದು ಇನ್ನೊಂದು ಗಂಟು ಬಿಗಿದೆ. ಹೀಗೆ ಹನ್ನೊಂದು ಸಲ ಒತ್ತಿ, ನಾಲ್ಕು ಗಂಟು ಹಾಕಿ, ಬೆವರಿ ಕುಸಿದು ಕುಳಿತಿದ್ದಾಗ ಸಾನ್ವಿ ಬಂದಳು.

ಒಳಗೆ ಬಗ್ಗಿ ನೋಡಿದಳು. ಟ್ರೇಯ ಅಂಚನ್ನು ಬೆರಳಿನಿಂದ ತಟ್ಟಿದಳು.

“ಅಜ್ಜ, ಯೇ ತೋ ಸ್ಟೀಲ್ ಹೈ.”

“ಹೌದು ಮಗಾ. ಒಳ್ಳೆ ಸ್ಟೀಲು. ತುಕ್ಕು ಹಿಡಿಯುದಿಲ್ಲ.”

“ಬೋರ್ಡ್ ಕೆ ನೀಚೆ, ಅಡಿಯಲ್ಲಿ, ಕರೆಂಟ್ ಇರ್ತದೆ ಅಜ್ಜ. ಸ್ಟೀಲ್‌ಗೆ ಟಚ್ ಆದ್ರೆ ಶಾರ್ಟ್. ಅದಕ್ಕೇ ಕಾಲು ಕೊಟ್ಟದ್ದು.”

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಕಣ್ಣು ಒರೆಸಿಕೊಂಡು ಗಂಟು ಬಿಚ್ಚಲು ಕುಳಿತಳು. ಅದು ಬಿಚ್ಚಿಕೊಳ್ಳಲಿಲ್ಲ. ನನ್ನ ಗಂಟಲ್ಲವೇ! ನನ್ನ ಉಗುರೂ ಸೋತಿತು. ಕೊನೆಗೆ ಗಿರಿಜೆ ತರಕಾರಿ ಚಾಕು ತಂದು ನನ್ನ ನಲವತ್ತು ವರ್ಷದ ಕೀರ್ತಿಯನ್ನು ನಾಲ್ಕು ಕಡೆ ಕತ್ತರಿಸಿದಳು.

ಬಾಟ್ಲಿಯಿಂದ ಹಿತ್ತಾಳೆ ಕಾಲುಗಳು ಹೊರಬಂದವು. ಸಾನ್ವಿಯೇ ಅವನ್ನು ಹಲಗೆಗೆ ತಿರುಪಿ, ಮೇಲೆ ಬೋರ್ಡ್ ಇಟ್ಟು ಬಿಗಿದು, ಸ್ವಿಚ್ ಒತ್ತಿದಳು. ಫ್ಯಾನು ಅರ್ಧ ಸುತ್ತು ತಿರುಗಿತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅದು ತಿರುಗುತ್ತಲೇ ಇತ್ತು, ಟಿವಿಯಲ್ಲಿ ಬೆಳಕು ಬಂದಿತ್ತು! ಶಾರ್ಟ್ ಆದಾಗಲೆಲ್ಲ ಕಂಪ್ಯೂಟರಿಗೆ ಕರೆಂಟು ಕೊಡುವ ಪೆಟ್ಟಿಗೆ ತಾನೇ ಬಂದಾಗಿ ಬೋರ್ಡನ್ನು ಉಳಿಸಿತ್ತಂತೆ. ಮನೆಯಲ್ಲಿ ಒಬ್ಬರಿಗಾದರೂ ಬುದ್ಧಿ ಇತ್ತಲ್ಲ ಎಂದಳು ಗಿರಿಜೆ.

ಮರುದಿನ ಸಂಜೆ ಹಾಲ್ ತುಂಬ ಮಕ್ಕಳು, ಗುಂಡಿಗಳ ಟಕಟಕ. ಇದನ್ನು ಯಾರು ಮಾಡಿದ್ದೆಂದು ಎದುರುಮನೆಯ ಮರಾಠಿ ಹೆಂಗಸು ಕೇಳಿದರು.

“ಮೈನೇ ಔರ್ ಅಜ್ಜ ನೇ,” ಎಂದಳು ಸಾನ್ವಿ, ಆಟದಿಂದ ಕಣ್ಣು ತೆಗೆಯದೆ.

ನಾನು ಮತ್ತು ಅಜ್ಜ ಅಂತೆ, ಔರ್ ಅಜ್ಜ! ನನ್ನ ಎದೆ ಉಬ್ಬಿತು. ಉಬ್ಬಿದ ಎದೆಗೆ ಜಾಗ ಸಾಲದೆ ಒಂದು ಹೆಜ್ಜೆ ಹಿಂದೆ ಇಟ್ಟೆ. ಕಾಲಿಗೆ ವಯರು ಸಿಕ್ಕಿತು, ಪ್ಲಗ್ಗು ಕಿತ್ತು ಬಂತು, ಟಿವಿ ಕಪ್ಪಾಯಿತು. ಮಕ್ಕಳೆಲ್ಲ ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು.

ಸಾನ್ವಿ ಮೊದಲು ಪ್ಲಗ್ಗು ಸಿಕ್ಕಿಸಿದಳು. ಆಮೇಲೆ ಒಂದು ಸ್ಟೂಲು ತಂದು, ಬಾಗಿಲ ಹತ್ತಿರ, ಎಲ್ಲ ವಯರುಗಳಿಂದ ಆದಷ್ಟು ದೂರ ಇಟ್ಟಳು.

“ಅಜ್ಜ, ಆಪ್ ಇಲ್ಲಿ ಕೂತ್ಕೊಳ್ಳಿ.”

ಕುಳಿತೆ. ನಿಜ ಹೇಳಬೇಕೆಂದರೆ, ನಿನ್ನೆಯಿಂದ ನನ್ನ ಸೊಂಟವೂ ಅದನ್ನೇ ಹೇಳುತ್ತಿತ್ತು.