ಭಾವಮೈದುನ ಕೊಟ್ಟ ಗ್ರಾಫಿಕ್ಸ್ ಕಾರ್ಡು

ಪ್ರವಾಹ, ಭೂಕಂಪ, ಬಿರುಗಾಳಿಗಳ ಬಗ್ಗೆ ಎಚ್ಚರಿಸುವ ಇಲಾಖೆಗಳು ಎಲ್ಲ ದೇಶಗಳಲ್ಲೂ ಇವೆ. ಭಾವಮೈದುನನ ಔದಾರ್ಯದ ಬಗ್ಗೆ ಎಚ್ಚರಿಸುವ ಇಲಾಖೆಯನ್ನು ಮಾತ್ರ ಯಾವ ಸರ್ಕಾರವೂ ಈವರೆಗೆ ತೆರೆದಿಲ್ಲ. ಈ ಲೋಪದಿಂದ ಒಬ್ಬ ನಕ್ಷೆಗಾರನಿಗೆ ಏನಾಯಿತೆಂಬುದನ್ನು ಮುಂದಿನವರ ತಿಳಿವಳಿಕೆಗಾಗಿ ದಾಖಲಿಸಬೇಕಾಗಿದೆ.

ನಕ್ಷೆಗಾರ ಕಚೇರಿಯ ಕೆಲಸಕ್ಕೆ ರಾಜೀನಾಮೆ ಎಸೆದು, ಮನೆಯ ಒಳಕೋಣೆಯಲ್ಲಿ ಸ್ವಂತ ಕಸುಬು ಹಿಡಿದು ಎರಡು ತಿಂಗಳಾಗಿತ್ತು. ಸಿಕ್ಕಿದ್ದು ಒಬ್ಬರೇ ಗಿರಾಕಿ, ಹೊಸ ಕ್ಲಿನಿಕ್ ಕಟ್ಟಿಸುತ್ತಿದ್ದ ಒಬ್ಬ ದಂತವೈದ್ಯರು. ಅವರು ಕೈತೊಳೆಯುವ ಬೇಸಿನ್ನಿನ ಜಾಗವನ್ನು ಹನ್ನೊಂದು ಸಲ ಬದಲಾಯಿಸಿ ಹನ್ನೆರಡನೆಯ ಸಲ ಒಪ್ಪಿದ್ದರು. "ಇವತ್ತು ಸಂಜೆ ಐದಕ್ಕೆ ನಕ್ಷೆ ನನ್ನ ಕೈಲಿರ್ಬೇಕು. ಇಲ್ಲಾಂದ್ರೆ ಬೇರೆಯವ್ರನ್ನ ನೋಡ್ಕೋತೀನಿ, ಬೇಜಾರು ಮಾಡ್ಕೋಬೇಡಿ" ಎಂದು, ಹಲ್ಲು ಕೀಳುವ ಮುಂಚೆ ಆಡುವಷ್ಟೇ ಮೃದುವಾಗಿ ಹೇಳಿದ್ದರು.

ನಕ್ಷೆ ಸಿದ್ಧವಾಗಿತ್ತು. ಕಣ್ಣೆದುರಿಗೇ ಇರಲೆಂದು ಕಂಪ್ಯೂಟರಿನ ಮೊದಲ ಪರದೆಯ ಮೇಲೆ ಅದೊಂದನ್ನೇ ಇಟ್ಟಿದ್ದ. ಕಳಿಸುವ ಮೊದಲು ಕಟ್ಟಡವನ್ನು ನಾಲ್ಕೂ ಕಡೆ ತಿರುಗಿಸಿ ನೋಡುವುದಷ್ಟೇ ಬಾಕಿ. ಆದರೆ ಕಂಪ್ಯೂಟರ್ ಅದನ್ನು ತುಂಬು ಬಸುರಿ ಎಮ್ಮೆ ಮಗ್ಗುಲು ಬದಲಿಸಿದಂತೆ ತಿರುಗಿಸುತ್ತಿತ್ತು.

ಈ ಸಂಗತಿ ಭಾವಮೈದುನನ ಕಿವಿಗೆ ಬಿತ್ತು. ಬೆಳಿಗ್ಗೆ ಎಂಟಕ್ಕೇ ತನ್ನ ಹಳೆಯ ಗ್ರಾಫಿಕ್ಸ್ ಕಾರ್ಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದ.

"ಚಿತ್ರ ಮೂಡಿಸೋ ಕೆಲ್ಸಾನೆಲ್ಲ ಇದೇ ನೋಡ್ಕೊಳ್ಳುತ್ತೆ ಭಾವ. ಹಳೇದು, ಆದ್ರೆ ಕಲ್ಲಿದ್ದ ಹಾಗಿದೆ. ನಿಮ್ಮ ಕಟ್ಟಡ ಬುಗುರಿ ಥರ ತಿರುಗದಿದ್ರೆ ಕೇಳಿ."

ಇಷ್ಟು ಹೇಳಿ ಅವನು ಆಫೀಸಿಗೆ ಹೋದ.

ನಕ್ಷೆಗಾರ ಟೀವಿ ರಿಮೋಟಿನ ಸೆಲ್ಲುಗಳನ್ನು ಕಿತ್ತು ಟಾರ್ಚಿಗೆ ಹಾಕಿಕೊಂಡು ಕಂಪ್ಯೂಟರ್ ಬಿಚ್ಚಿದ. ಹಿಂಬದಿಯ ಕಪ್ಪು ಕೇಬಲ್ಲುಗಳನ್ನೆಲ್ಲ ಕಿತ್ತ, ಕಾರ್ಡು ಕೂರಿಸಿದ, ಕೇಬಲ್ಲುಗಳನ್ನು ಹಿಡಿಸಿದ ಕಡೆ ಮತ್ತೆ ಸಿಕ್ಕಿಸಿ ಗುಂಡಿ ಒತ್ತಿದ. ಫ್ಯಾನು ತಿರುಗಿತು. ದೀಪ ಹತ್ತಿತು. ಮಾನಿಟರ್ ಮಾತ್ರ ಒರೆಸಿದ ಕರಿಹಲಗೆಯಂತೆ ಸುಮ್ಮನೆ ಕೂತಿತ್ತು.

ನಡುಮನೆಯಿಂದ ಅತ್ತೆಯ ದನಿ ಬಂತು. ಅವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಮೂರು ತರಗತಿಗಳನ್ನು ಒಟ್ಟಿಗೆ ಗದರಿಸಿ ಪಳಗಿದ ದನಿ ಅದು.

"ಅಳಿಯಂದ್ರೇ, ಟೀವೀಲಿ ಧಾರಾವಾಹಿ ಹೋಗಿ ಬರೀ ಬೆಟ್ಟ ಬರ್ತಿದೆ!"

"ಹೊರಗಡೆ ಚಿತ್ರೀಕರಣ ಇರ್ಬೇಕು ಅತ್ತೆ, ನೋಡ್ತಿರಿ!"

"ಬೆಟ್ಟದ ಮೇಲೆ ಒಬ್ರೂ ಇಲ್ವಲ್ಲಪ್ಪ!"

ನಕ್ಷೆಗಾರ ಮಾನಿಟರಿನ ಬೆನ್ನು ತಟ್ಟಿ ನೋಡಿದ. ಅವನ ಬೆಟ್ಟ ಅವನಿಗೇ ಸಾಕಾಗಿತ್ತು.

ಹನ್ನೊಂದರ ಹೊತ್ತಿಗೆ ಕೆಳಮನೆಯ ವಾಚ್ ರಿಪೇರಿಯವರು ಸುದ್ದಿ ತಿಳಿದು, ಭೂತಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡೇ ಮೆಟ್ಟಿಲು ಹತ್ತಿ ಬಂದರು. ಕಾರ್ಡನ್ನು ಹೊರತೆಗೆದು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ನೋಡಿ ನಾಲಿಗೆ ಲೊಚಗುಟ್ಟಿದರು.

"ಕೊಳೆ ಸಾರ್. ಒಂದು ರಬ್ಬರ್ ಕೊಡಿ, ಪೆನ್ಸಿಲ್ ಅಳಿಸೋದು."

ಉಜ್ಜಿದರು, ಊದಿದರು, ಮತ್ತೆ ಉಜ್ಜಿದರು. ಆಮೇಲೆ ಎಲ್ಲವನ್ನೂ ಮೊದಲಿದ್ದಂತೆಯೇ ಜೋಡಿಸಿದರು. "ಯಾವ ತಂತಿ ಎಲ್ಲಿತ್ತೋ ಅಲ್ಲೇ ಹೋಗ್ಬೇಕು. ಮೂವತ್ತು ವರ್ಷದಲ್ಲಿ ಒಂದು ಮುಳ್ಳು ಅದಲುಬದಲು ಮಾಡಿಲ್ಲ ನಾನು." ಗುಂಡಿ ಒತ್ತಿದಾಗ ಮಾನಿಟರೂ ಮೊದಲಿದ್ದಂತೆಯೇ ಇತ್ತು.

"ಈ ಕಾರ್ಡನ್ನ ತೆಗೆದೇ ಬಿಡೋಣ ಅಲ್ವಾ?" ಎಂದ ನಕ್ಷೆಗಾರ, ಮೆಲ್ಲಗೆ.

"ಏನ್ ಸಾರ್, ಇಷ್ಟು ಉಜ್ಜಿದ ಮೇಲಾ?" ವಾಚಿನವರ ಮುಖ ಬಾಡಿತು. ಯಾರ ಮುಖವನ್ನೂ ಬಾಡಿಸಲಾರದವನು ನಕ್ಷೆಗಾರ. ಹನ್ನೆರಡನೆಯ ಬೇಸಿನ್ನಿನವರೆಗೆ ಅವನು ಹೋದದ್ದೂ ಇದೇ ಗುಣದಿಂದ.

ಊಟದ ಹೊತ್ತು ಮೀರಿದ ಮೇಲೆ ಎದುರುಮನೆಯ ವಿಜ್ಞಾನದ ಮೇಷ್ಟ್ರು ಬಂದರು. ಬಂದವರು ಮಾನಿಟರನ್ನು ನೋಡಲಿಲ್ಲ, ಪೆಟ್ಟಿಗೆಗೆ ಕಿವಿಯಾನಿಸಿದರು.

"ಯಂತ್ರ ಜೀವಂತವಾಗಿದೆ. ಕಾಣ್ತಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ, ಅರ್ಥವಾಯ್ತಾ? ಒಳಗೆ ಅದು ನಮ್ಮನ್ನೇನೋ ಕೇಳ್ತಿದೆ. ನಾವು ಉತ್ತರ ಕೊಡ್ತಿಲ್ಲ, ಅದಕ್ಕೇ ಮುನಿಸು. ನಮ್ಮ ಪ್ರಯೋಗಾಲಯದಲ್ಲೂ ಹೀಗೇ ಆಗಿತ್ತು. ಬಾಣದ ಕೀಲಿ ಒಂದ್ಸಲ ಒತ್ತಿ."

ನಕ್ಷೆಗಾರ ಒತ್ತಿದ.

"ಶಿಫ್ಟ್ ಹಿಡ್ಕೊಂಡು ಡಿಲೀಟ್."

"ಡಿಲೀಟಾ ಮೇಷ್ಟ್ರೇ?"

"ಮುನಿಸನ್ನ ಅಳಿಸೋಕೆ ಕಣ್ರೀ. ಒತ್ತಿ."

ಒತ್ತಿದ. ಅದೇ ಕ್ಷಣಕ್ಕೆ ನಡುಮನೆ ಗುಡುಗಿತು.

"ಅಳಿಯಂದ್ರೇ, ಟೀವಿ ಏನೋ ಪ್ರಶ್ನೆ ಕೇಳ್ತಿದೆ! ಹೌದೋ ಅಲ್ವೋ ಅಂತ ಹೇಳ್ಬೇಕಂತೆ!"

"ಹೌದು ಅಂದ್ಬಿಡಿ ಅತ್ತೆ!" ಎಂದು ಕೂಗಿದ ನಕ್ಷೆಗಾರ.

"ಈಗ ಎಂಟರ್" ಎಂದರು ಮೇಷ್ಟ್ರು.

ಒತ್ತಿದ. ಮಾನಿಟರ್ ಮಿಸುಕಲಿಲ್ಲ. "ನಿಮ್ಮ ಯಂತ್ರಕ್ಕೆ ಶಿಸ್ತಿಲ್ಲ" ಎಂದು ಮೇಷ್ಟ್ರು ತೀರ್ಪಿತ್ತರು.

ಗಂಟೆ ನಾಲ್ಕಾಯಿತು. ದಂತವೈದ್ಯರ ಫೋನು ಬಂತು. "ಒಂದು ಗಂಟೆ ಇದೆ, ಜ್ಞಾಪಿಸಿದೆ ಅಷ್ಟೇ." ಆಗ ನಕ್ಷೆಗಾರ ಜನ್ಮದಲ್ಲಿ ಮೊದಲ ಬಾರಿಗೆ ಇಬ್ಬರು ಹಿರಿಯರ ಮುಖ ಒಟ್ಟಿಗೆ ಬಾಡಿಸಿದ. ಯಾರನ್ನೂ ಕೇಳದೆ ಕಾರ್ಡನ್ನು ಕಿತ್ತು, ಅದು ಬಂದ ಕರವಸ್ತ್ರದಲ್ಲೇ ಸುತ್ತಿಟ್ಟು ಗುಂಡಿ ಒತ್ತಿದ.

ಮಾನಿಟರ್ ಬೆಳಗಿತು. ನೀಲಿ ಆಕಾಶ, ಹಸಿರು ಬೆಟ್ಟ. ವಾಚಿನವರು ಚಪ್ಪಾಳೆ ತಟ್ಟಿದರು. "ನೋಡಿದ್ರಾ, ಉಜ್ಜಿದ್ದು ಈಗ ಕೆಲಸ ಮಾಡ್ತು!"

ಚಪ್ಪಾಳೆ ಕೇಳಿ ಅತ್ತೆ ಬಾಗಿಲಿಗೆ ಬಂದರು. ಕನ್ನಡಕ ಏರಿಸಿ ನೋಡಿದರು.

"ಅಯ್ಯೋ, ಇದೇ ಬೆಟ್ಟ! ಬೆಳಗ್ಗಿಂದ ನನ್ನ ಟೀವೀಲಿದ್ದದ್ದು ಇದೇ. ಚಾನೆಲ್ ಬದಲಾಯ್ಸೋಣ ಅಂದ್ರೆ ರಿಮೋಟಲ್ಲಿ ಸೆಲ್ಲಿಲ್ಲ."

ನಕ್ಷೆಗಾರ ನಿಧಾನವಾಗಿ ಪೆಟ್ಟಿಗೆಯ ಹಿಂದೆ ಬಗ್ಗಿದ. ಒಂದೇ ಬಣ್ಣದ, ಒಂದೇ ದಪ್ಪದ ಎರಡು ಕೇಬಲ್ಲುಗಳು. ಮಾನಿಟರಿನದು ಹಳೆಯ ತೂತಿನಲ್ಲಿತ್ತು. ಕಾರ್ಡು ಇರುವಷ್ಟು ಹೊತ್ತೂ ಆ ತೂತು ಕೆಲಸ ಬಿಟ್ಟಿತ್ತು. ಕಾರ್ಡಿಗೆ ಸಿಕ್ಕಿಸಿದ್ದು ಇನ್ನೊಂದನ್ನು. ಅದು, ಭಾನುವಾರ ಮನೆಮಂದಿ ಸಿನಿಮಾ ನೋಡಲೆಂದು ಅವನೇ ಗೋಡೆ ಕೊರೆದು ಟೀವಿಗೆ ಎಳೆದಿದ್ದ ಕೇಬಲ್ಲು.

"ಅತ್ತೆ," ಎಂದ ಅವನು, ಬಗ್ಗಿದಲ್ಲಿಂದಲೇ. "ಟೀವಿ ಪ್ರಶ್ನೆ ಕೇಳ್ತು ಅಂದ್ರಲ್ಲ, ಏನಂತ?"

ಅತ್ತೆ ಪಾಠ ಒಪ್ಪಿಸುವಂತೆ ನೆಟ್ಟಗೆ ನಿಂತರು. "'ಈ ಕಡತವನ್ನು ಶಾಶ್ವತವಾಗಿ ಅಳಿಸಬೇಕೇ?' ಅಂತ. ಕಡತದ ಹೆಸರು ಏನೋ ಕ್ಲಿನಿಕ್ಕು. ನಾನು ಯಾವುದಕ್ಕೂ ಇರಲಿ ಅಂತ ನಿಮ್ಮನ್ನೇ ಕೇಳ್ದೆ. ನೀವು ಹೌದು ಅಂದ್ರಿ. ನಾನು ಬಾಯ್ಬಿಡೋಕೆ ಮುಂಚೆ ಅದೇ ಒಪ್ಕೊಂಡ್ತು, ಜಾಣ ಟೀವಿ."

ನಕ್ಷೆಗಾರ ಪರದೆಯನ್ನು ನೋಡಿದ. ಬೆಟ್ಟದ ಮೇಲೆ, ಅತ್ತೆ ಬೆಳಿಗ್ಗೆಯೇ ಹೇಳಿದ್ದಂತೆ, ಒಬ್ಬರೂ ಇರಲಿಲ್ಲ. ಈಗ ನಕ್ಷೆಯೂ ಇರಲಿಲ್ಲ. ಮೇಷ್ಟ್ರಿಗೆ ತಟ್ಟನೆ ಮನೆಯಲ್ಲೇನೋ ಕೆಲಸ ನೆನಪಾಯಿತು. ವಾಚಿನವರು ರಬ್ಬರನ್ನು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದರು.

ಐದಕ್ಕೆ ಐದು ನಿಮಿಷವಿರುವಾಗ ಫೋನು ಬಂತು. ದಂತವೈದ್ಯರದಲ್ಲ, ಭಾವಮೈದುನನದು.

"ಏನ್ ಭಾವ, ಕಾರ್ಡು ಕೆಲಸ ಮಾಡ್ತಾ?"

"ಮಾಡ್ತು" ಎಂದ ನಕ್ಷೆಗಾರ.

ಅದು ನಿಜವೂ ಆಗಿತ್ತು. ಕಾರ್ಡಿನಲ್ಲಿ ಯಾವ ದೋಷವೂ ಇರಲಿಲ್ಲ.