ಒಣದ್ರಾಕ್ಷಿ ಕೋಣೆಯ ಹೆಲ್ಸಿಂಕಿ

ಅಥಣಿಯ ಒಣದ್ರಾಕ್ಷಿ ವ್ಯಾಪಾರಿ ಭಾವುಸಾಹೇಬರು ಯಾವುದಕ್ಕೂ ಹೆದರಿದವರಲ್ಲ. ಇದನ್ನು ಊರಿಗೆಲ್ಲ ಹೇಳಿದವರು ಅವರೇ. ಜನವರಿ ಎರಡನೆಯ ವಾರ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಒಣಹಣ್ಣಿನ ಪ್ರದರ್ಶನವಿದೆ, ಅಂಗಡಿಗೆ ಇಬ್ಬರಂತೆ ಹೋಗಬಹುದು ಎಂದು ವ್ಯಾಪಾರಿ ಸಂಘದ ಪತ್ರ ಬಂತು. ‘ಅಲ್ಲಿ ಮೈನಸ್ ಹದಿನೈದು ಡಿಗ್ರಿ ಚಳಿ’ ಎಂಬ ಕಡೆಯ ಸಾಲು ಓದಿ ಮೀಸೆ ತಿರುವಿದರು. ಒಳಗೆ ಎದೆ ಝಲ್ಲೆಂದದ್ದು ಯಾರಿಗೂ ಕೇಳಿಸಲಿಲ್ಲ.

“ನಾನು, ನಮ್ಮ ದೋಸ್ತ ಶ್ರೀಪಾಲ ಹೊಕ್ಕೇವಿ,” ಎಂದು ಹೆಂಡತಿ ಸುಗಂಧಾಬಾಯಿಗೆ ಹೇಳಿದರು. “ನಿನಗ ಆ ಥಂಡಿ ತಡಿಯೂದಿಲ್ಲ.”

“ಹದಿನೆಂಟ ವರ್ಷದಿಂದ ಮಾಲು ಆರಿಸಾಕಿ ನಾನು. ಶ್ರೀಪಾಲಣ್ಣಗ ದ್ರಾಕ್ಷಿ ತಿನ್ನೂದೊಂದ ಗೊತ್ತು. ಅಂವ ಅಲ್ಲಿ ಹೋಗಿ ಏನ್ ಮಾಡ್ತಾನ?”

“ಮೈನಸ್ ಹದಿನೈದು ಐತಿ. ಅದು ಗಂಡಸರ ಕೆಲಸ.”

“ದೀಪಾವಳಿಗೆ ಫ್ಯಾನ್ ಹಾಕಿದ್ದಕ್ಕ ನಿಮಗ ನೆಗಡಿ ಆಗಿತ್ತಲ್ಲ?”

ಮಾತು ಮರ್ಮಕ್ಕೆ ನಾಟಿತು. “ನಮ್ಮ ಕೋಲ್ಡ್ ಸ್ಟೋರೇಜದಾಗ ಬರೇ ಧೋತರ ಅಂಗಿ ಮ್ಯಾಲ ಒಂದ್ ತಾಸ ಕುಂಡ್ರತೀನಿ. ಆಮ್ಯಾಲ ನೀನೂ ಕುಂಡ್ರು. ಗೆದ್ದವರು ತಮಗ ಬೇಕಾದವರನ್ನ ಕರಕೊಂಡು ಹೋಗೂದು. ಸೋತವರು ಮನಿ ಕಾಯೂದು.”

“ಆಗಲಿ. ಒಂದ್ ಎಂಟ್ ದಿನಾ ಬಿಟ್ಟು ಕುಂಡ್ರೂಣು,” ಎಂದರು ಸುಗಂಧಾಬಾಯಿ. ಹೆದರಿ ವಾಯಿದೆ ಕೇಳುತ್ತಿದ್ದಾಳೆಂದು ಭಾವುಸಾಹೇಬರು ಉಬ್ಬಿಹೋದರು.

ಒಂಬತ್ತನೆಯ ದಿನ ಸಂಜೆ ನಾಲ್ಕೂವರೆಗೆ, ಗಡಿಯಾರ ನೋಡುತ್ತ ಕೂಡುವವನು ಹೇಡಿ ಎಂದು ಸಾರಿ, ಕೈಗಡಿಯಾರ, ಫೋನು ಎರಡನ್ನೂ ಹೆಂಡತಿಗೆ ಒಪ್ಪಿಸಿ ಒಳಗೆ ನಡೆದರು. ದಪ್ಪ ಬಾಗಿಲು ಧಡ್ಡೆಂದು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ಸುಗಂಧಾಬಾಯಿ, ಪಕ್ಕದಲ್ಲಿ ಮಾಲು ಆರಿಸುವ ಗಿರಿಜವ್ವ. ಬಾಗಿಲು ಬಡಿದರೆ ಸೋತಂತೆ ಎಂಬುದು ಕರಾರು.

ಒಳಗೆ ನಾಲ್ಕೇ ಡಿಗ್ರಿ. ಮೊದಲು ಹಾಯೆನಿಸಿತು. ಸ್ವಲ್ಪ ಹೊತ್ತಿಗೆ ಮೊಣಕಾಲ ಚಿಪ್ಪು ನಡುಗಿತು, ಅದರ ಹಿಂದೆಯೇ ಹಲ್ಲು ಕಟಕಟ ಎಂದವು. ಇಷ್ಟಕ್ಕೇ ಹೀಗಾದರೆ ಮೈನಸ್ ಹದಿನೈದರಲ್ಲಿ ತಮ್ಮನ್ನು ಪೆಟ್ಟಿಗೆಯಲ್ಲೇ ಊರಿಗೆ ಕಳಿಸಬೇಕಾದೀತು ಎನಿಸಿತು. ಅಷ್ಟರಲ್ಲಿ ಕರೆಂಟು ಹೋಯಿತು. ದೀಪ ಆರಿತು, ಮಷೀನಿನ ಸದ್ದೂ ನಿಂತಿತು. ಕಣ್ಣು ಮುಚ್ಚಿದರೂ ತೆರೆದರೂ ಒಂದೇ ಕತ್ತಲೆ.

ಹೆದರಿಕೆ ಹೆಚ್ಚಾದರೆ ಭಾವುಸಾಹೇಬರಿಗೆ ಮರಾಠಿ ಬರುತ್ತದೆ. “ಮೇಲೋ, ಮೇಲೋ,” ಎಂದರು. ಅಂದರೆ ಸತ್ತೆ, ಸತ್ತೆ ಎಂದು. ಜೈನರ ನಿತ್ಯದ ಣಮೋಕಾರ ಮಂತ್ರ ಹಿಡಿದರೆ ಎರಡನೆಯ ಸಾಲಿಗೇ ನಾಲಿಗೆ ತಡವರಿಸಿತು. ಎಷ್ಟು ಹೊತ್ತಾಯಿತೋ ಏನೋ, ತಾಸು ಎಂದೋ ಮುಗಿದಿರಬೇಕು, ಹೊರಗಿನವರು ತಮ್ಮನ್ನು ಮರೆತು ಮನೆಗೆ ಹೋಗಿರಬೇಕು. ಗಾಬರಿಯಲ್ಲಿ ಕೈ ತಾನಾಗಿಯೇ ಪಕ್ಕದ ಪೆಟ್ಟಿಗೆಗೆ ಹೋಗಿ ಒಂದು ಮುಷ್ಟಿ ದ್ರಾಕ್ಷಿ ಬಾಯಿಗೆ ಬಂತು. ಎರಡು ಸಲ ಜಗಿದವರು ಗಕ್ಕನೆ ನಿಲ್ಲಿಸಿದರು.

ಹೊತ್ತು ಮುಳುಗಿದ್ದರೆ?

ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವುದಿಲ್ಲ ಎಂದು ಮುನಿಗಳ ಎದುರು ನೇಮ ಹಿಡಿದು ಹನ್ನೆರಡು ವರ್ಷವಾಗಿತ್ತು. ಒಮ್ಮೆಯೂ ತಪ್ಪಿರಲಿಲ್ಲ. ಈಗ ಬಾಯಲ್ಲಿ ದ್ರಾಕ್ಷಿ; ನುಂಗುವಂತಿಲ್ಲ, ಉಗುಳಲು ಮನಸ್ಸಿಲ್ಲ. ಹೆಲ್ಸಿಂಕಿಯಲ್ಲಿ ಮೂರೂವರೆಗೇ ಹೊತ್ತು ಮುಳುಗುತ್ತದೆಂದು ಶ್ರೀಪಾಲ ಹೇಳಿದ್ದು ನೆನಪಾಗಿ ಇನ್ನಷ್ಟು ನಡುಗಿದರು. ಇನ್ನು ಮೋಡದ ಮೇಲೆ ಹಾರುವ ವಿಮಾನದಲ್ಲಿ ಹೊತ್ತು ಎಲ್ಲಿದೆಯೆಂದು ಯಾರನ್ನು ಕೇಳುವುದು? ಪಂದ್ಯ ಹಾಳಾಗಲಿ, ನೇಮ ಉಳಿಯಲಿ ಎಂದು ಎರಡೂ ಕೈಯಲ್ಲಿ ಬಾಗಿಲು ಬಡಿದರು.

ಗಿರಿಜವ್ವ ಬಾಗಿಲು ತೆಗೆದಳು.

“ಹೊತ್ತು ಮುಳುಗೈತೇನು? ಖರೇ ಹೇಳ,” ಎಂದರು, ಬಾಯಿಗೆ ಕೈ ಅಡ್ಡ ಹಿಡಿದು.

“ಹೊತ್ತಾ? ಬಿಸಲು ಇನ್ನೂ ಚುರ್ ಅನ್ನಾಕತ್ತೈತ್ರೀ ಸಾವಕಾರ್ರ.”

ಭಾವುಸಾಹೇಬರು ನೆಮ್ಮದಿಯಿಂದ ನುಂಗಿದರು. ಸುಗಂಧಾಬಾಯಿ ಗಡಿಯಾರ ನೋಡಿದರು. “ಹನ್ನೊಂದು ನಿಮಿಷ,” ಎಂದರು.

“ಕರೆಂಟ ಹೋಗಿತ್ತು. ಅದನ್ನ ಹಿಡೀಬಾರದು. ಈಗ ನೀ ಕುಂಡ್ರು, ನೋಡೂಣು.”

ಗಿರಿಜವ್ವನಿಗೆ ತಡೆಯಲಾಗಲಿಲ್ಲ. “ಅಕ್ಕಾರು ಎಂಟ್ ದಿನದಿಂದ ದಿನಾ ಮುಂಜಾನೆ ಒಂದ್ ತಾಸ ಒಳಗ ಕುಂತು ಮಾಲು ಆರಿಸ್ಯಾರ್ರೀ. ಎರಡ್ ಸಲಾ ಕರೆಂಟೂ ಹೋಗಿತ್ರಿ. ಟಾರ್ಚ್ ಹಿಡದು ಆರಿಸಿದ್ರು.”

ಭಾವುಸಾಹೇಬರ ಹತ್ತಿರ ಒಂದೇ ಅಸ್ತ್ರ ಉಳಿದಿತ್ತು. “ಅಲ್ಲಿ ಮೂರೂವರಿಗೇ ಹೊತ್ತು ಮುಳುಗತೈತಂತ, ಸುಗಂಧಾ. ನಿಂದೂ ನೇಮ ಐತಿ. ಉಪವಾಸ ಬೀಳತಿ.”

“ಮೂಡೂದು ಒಂಬತ್ತಕ್ಕ. ಅಷ್ಟರಾಗ ಎರಡ್ ಸಲಾ ಉಣ್ಣಾಕ ಬರತೈತಿ, ಎಲ್ಲಾ ಚೀಟ್ಯಾಗ ಬರದಿಟ್ಟೀನಿ. ಸೊಸಿ ಮೇಘಾನ ಕರಕೊಂಡು ಹೊಕ್ಕೀನಿ.” ಸುಗಂಧಾಬಾಯಿ ತಮ್ಮ ಶಾಲು ತೆಗೆದು ಗಂಡನ ಹೆಗಲಿಗೆ ಹೊದಿಸಿದರು. “ನೀವು ಮನಿ ಕಾಯ್ರಿ. ಆದರ ನಾ ಬರೂತನಕಾ ಫ್ಯಾನ್ ಮಾತ್ರ ಹಾಕಬ್ಯಾಡ್ರಿ.”